ಐದು ಮನಿ ಕೂಸು

“ಏ ದೇವ್ಯಾ, ನಿಮ್ಮಣ್ಣ ಊರ ಮಂದಿ ಮಕ್ಕಳನ್ನೆಲ್ಲ ಮನಿಗಿ ಕರ್ಯಾಕತ್ತಾನಂತಲ್ಲೋ? ತನಗ ಹಡಿಯಾಕ ಆಗ್ಲಿಲ್ಲಂತ ನಮ್ಮ ಗಂಡು ಹುಡುಗರಿಗಿ ಸೀರಿ ಉಡಸ್ತಾನೇನು?”

ಧರ್ಮಣ್ಣ ಹೀಗಂದಾಗ ಗೌಸಮೊಹಿದ್ದೀನನ ಚಹಾದಂಗಡಿ ಮುಂದೆ ಹದಿನೈದು ಮಂದಿ ಇದ್ದರು. ಆಳಂದದ ಬಸ್ಸಿಗೆ ನಿಂತವರು, ಸುಮ್ಮನೆ ಕೂತವರು. ಹಲವರು ನಕ್ಕರು. ನಗದಿದ್ದವರು ಚಹಾದ ಕಪ್ಪಿನೊಳಗೆ ಮುಖ ಹಾಕಿದರು. ನನಗೆ ನಕ್ಕವರಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಕೈಯಾಗಿನ ಕಪ್ಪು ನೆಲಕ್ಕೆ ಒಗೆದೆ. ಧರ್ಮಣ್ಣನ ಅಂಗಿ ಹಿಡಿದೆ. ಆತನದು ಕಿರಾಣಿ ಅಂಗಡಿ, ಕೂತು ಕೂತು ಬೆಳೆದ ಮೈ. ನಾನು ಆಳಂದದ ಕಾಳಿನ ಅಡತಿಯಲ್ಲಿ ತೊಗರಿ ಚೀಲ ಹೊರುವವನು. ಒಂದು ಕೈ ಸಾಕಿತ್ತು. ಅಷ್ಟರಲ್ಲಿ ಗೌಸಮೊಹಿದ್ದೀನ ಬಿಸಿ ಕಿಟ್ಲಿ ಹಿಡಿದುಕೊಂಡೇ ನಡುವೆ ಬಂದ.

“ಬಿಡಲೇ ದೇವೀಂದ್ರ. ನನ್ನ ಅಂಗಡ್ಯಾಗ ಬ್ಯಾಡ. ಬಿಡ್ತೀಯೋ, ಚಹಾ ಸುರವ್ಲೋ?”

ಬಿಟ್ಟೆ. ಆದರೆ ಧರ್ಮಣ್ಣ ಬಿಡಲಿಲ್ಲ. ಅಂಗಿ ಸರಿ ಮಾಡಿಕೊಂಡು ಎಲ್ಲರ ಕಡೆ ತಿರುಗಿದ. “ನಾ ಏನ್ ಸುಳ್ಳು ಹೇಳೀನ್ರಿ? ದೇವಿ ಮಾಡ್ಕೋಲಿ, ಬ್ಯಾಡನ್ನೂದಿಲ್ಲ. ತನ್ನ ಮನ್ಯಾಗ ತಾ ಮಾಡ್ಕೋಲಿ. ಅದರಾಗ ಮಕ್ಕಳದೇನು ಕೆಲಸ?”

ಮಕ್ಕಳದೇ ಕೆಲಸ ಇತ್ತು. ಅದನ್ನು ಹೇಳಬೇಕಾದರೆ ಮೊದಲು ನನ್ನ ಅಣ್ಣನ ಮಾತು ಹೇಳಬೇಕು.

ನನಗಿಂತ ಎಂಟು ವರ್ಷಕ್ಕೆ ದೊಡ್ಡವನು ಮಲ್ಕಪ್ಪ. ಹದಿನಾರನೇ ವರ್ಷಕ್ಕೆ ಮೈಮೇಲೆ ಎಲ್ಲವ್ವ ಬಂದಳು ಅಂತ ಸೀರೆ ಉಟ್ಟು ಜೋಗತಿಯಾದ. ಅಪ್ಪ ಮಿಣಿಯಿಂದ ಹೊಡೆದ. ಅವ್ವ ಮೂರು ದಿನ ಉಣ್ಣಲಿಲ್ಲ. ಮೈಮೇಲೆ ಬಂದದ್ದು ದೇವಿಯೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ಸೀರೆ ಉಟ್ಟ ಮೇಲೆ ಮೊದಲನೇ ಸಲ ಆ ಮುಖ ತಿಳಿಯಾದದ್ದನ್ನು ನಾನು ನೋಡಿದ್ದೆ. ಎಂಟು ವರ್ಷದವನಿದ್ದೆ, ಆದರೂ ನೋಡಿದ್ದೆ. ಐದನೇ ಇಯತ್ತೆಯಲ್ಲಿ ಒಬ್ಬ ಹುಡುಗ ನನ್ನ ಜೇಬಿನಲ್ಲಿ ಬಳೆ ಚೂರು ಹಾಕಿ, “ನಿಮ್ಮಣ್ಣಂದು” ಅಂದ. ಪಾಟಿಯಿಂದ ಅವನ ಹಣೆ ಒಡೆದೆ. ಸಾಲಿ ಅಂದೇ ಮುಗಿಯಿತು. ನನಗೇನೂ ಅದರ ಬೇಜಾರಿಲ್ಲ. ಅವನ ಹಣೆಯ ಮೇಲೆ ಕಲೆ ಇನ್ನೂ ಇದೆ.

ಈಗ ಊರೆಲ್ಲ ಆಕೆಯನ್ನು ಮಲ್ಕವ್ವ ಅನ್ನುತ್ತದೆ. ನಮ್ಮ ನಿಂಬರ್ಗಾದಲ್ಲಿ ಕೂಸು ಹುಟ್ಟಿದರೆ ಮಲ್ಕವ್ವ ಬಂದು ಹಣೆಗೆ ಅರಿಶಿನದ ಭಂಡಾರ ಹಚ್ಚಬೇಕು. ಲಗ್ನ ಇದ್ದರೆ ಹಂದರದ ಕೆಳಗೆ ಆಕೆಯ ಚೌಡಕಿ ನುಡಿಯಬೇಕು. ಅದೆಲ್ಲ ಆದ ಮೇಲೆ ಆಕೆ ಹಿತ್ತಲ ಬಾಗಿಲಲ್ಲಿ ನಿಂತು ಕಾಳು ಇಸಿದುಕೊಂಡು ಬರಬೇಕು. ಹದಿನೈದು ವರ್ಷ ಹಾಗೇ ನಡೆಯಿತು. ಆ ಕಾಳಿನಲ್ಲೇ ಉಳಿಸಿ ಉಳಿಸಿ, ಎಂಬತ್ತೇಳರ ಸಂಕ್ರಾಂತಿಗೆ ಕೆರೆ ದಂಡೆಗೆ ಒಂದು ಖೋಲಿ ಕಟ್ಟಿಸಿದಳು. ಮಣ್ಣಿನ ಗೋಡೆ, ಮೇಲೆ ತಗಡು. ಕಟ್ಟಿಸಿದ ಮೇಲೆ, ಭಾರತ ಹುಣ್ಣಿವಿಗೆ ತನ್ನ ಮನೆಯಲ್ಲೇ ಪಡಲಗಿ ತುಂಬಿಸುತ್ತೇನೆ ಅಂದಳು.

ಪಡಲಗಿ ಅಂದರೆ ಅಗಲ ಬಿದಿರು ಬುಟ್ಟಿ. ಹೋಳಿಗೆ, ಕಡಬು, ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ ಎಲ್ಲ ತುಂಬಿ ದೇವಿಗೆ ಎಡೆ ತೋರಿಸಿ, ಜೋಗತಿಯರು ಅದನ್ನು ತಲೆಯ ಮೇಲೆ ಎತ್ತಿ “ಉಧೋ” ಅನ್ನಬೇಕು. ಆದರೆ ಆಕೆಯ ಗುರು ಇಜೇರಿಯ ಶಿವಕಾಂತಾ. ಅವರ ಗಾದಿಯಲ್ಲಿ ಒಂದು ಪದ್ಧತಿ ಇದೆ. ಹೊಸ ಮನೆಯ ಪಡಲಗಿ ಎತ್ತುವ ಮೊದಲು ಊರಿನ ಐದು ಮನೆಯ ಐದು ಕೂಸುಗಳು ಅದರೊಳಗಿನದನ್ನು ಉಣ್ಣಬೇಕು. ಸುಮ್ಮನೆ ಓಡಿ ಬಂದ ಹುಡುಗರು ನಡೆಯುವುದಿಲ್ಲ. ಮನೆಯ ಹಿರಿಯರು ಕೈಹಿಡಿದು, ಮುಂಬಾಗಿಲಿನಿಂದ ಕರೆದುಕೊಂಡು ಬರಬೇಕು. ಹೊತ್ತು ಮುಳುಗುವುದರೊಳಗೆ ಐದು ತುಂಬಲಿಲ್ಲ ಅಂದರೆ ಊರು ಒಪ್ಪಲಿಲ್ಲ ಅಂತ ಅರ್ಥ. ಬುಟ್ಟಿ ಎತ್ತುವಂತಿಲ್ಲ. ಮನೆಗೆ ಕೀಲಿ ಹಾಕಿ, ಜೋಗತಿ ಗುರುವಿನ ಹಿಂದೆ ಇಜೇರಿಗೆ ಹೋಗಬೇಕು. ಹೋದರೆ ತಿರುಗಿ ಬರುವ ಮಾತಿಲ್ಲ.

ಅದಕ್ಕೆ ಮಲ್ಕವ್ವ ಮಕ್ಕಳನ್ನು ಕರೆದದ್ದು. ಇದು ಧರ್ಮಣ್ಣನಿಗೆ ಗೊತ್ತಿತ್ತು. ಗೊತ್ತಿದ್ದೇ ಅಂದದ್ದು.

“ಮಕ್ಕಳು ನೋಡಿದ್ದು ಮಾಡತಾವ್ರಿ,” ಅಂತ ಆತ ಇನ್ನೂ ಹೇಳುತ್ತಿದ್ದ. “ನನ್ನ ಮಗ ನಿನ್ನಿ ತಲಿಮ್ಯಾಲ ತಂಬಗಿ ಇಟ್ಕೊಂಡು ಕುಣ್ಯಾಕತ್ತಿದ್ದ.”

ಬಸ್ಸಿಗೆ ಕಾಯುತ್ತ ಕೂತಿದ್ದ ಸುಭದ್ರಾಬಾಯಿ ಬಾಯೊಳಗಿನ ಎಲೆ ಉಗುಳಿದರು. ಊರಿನ ಅರ್ಧ ಮಂದಿ ಹುಟ್ಟಿದ್ದು ಆಕೆಯ ಕೈಯಲ್ಲಿ. ಸೂಲಗಿತ್ತಿ. ಯಾರಿಗೂ ಹೆದರುವುದಿಲ್ಲ. “ಮೊನ್ನಿ ನಿನ್ನ ಮಗ ನನ್ನ ಕೋಲು ಕಸ್ಗೊಂಡು ಪೋಲಿಸ ಆಗಿದ್ದ. ಪಗಾರ ಬರ್ಲಾಕ ಸುರು ಆತೇನಪಾ?”

ಮತ್ತೆ ನಗು. ಈ ಸಲ ಧರ್ಮಣ್ಣನ ಮೇಲೆ.

“ನೀವು ನಗಿಚ್ಯಾಟಿ ಮಾಡಬ್ಯಾಡ್ರಿ ಆಯಿ. ಪದ್ಧತಿ ಅಂತ ಅಂದ್ರ ಯಾವ ಪದ್ಧತಿ? ನಮ್ಮ ಊರಾಗ ಇತ್ತೇನಿದು?”

“ನಿಮ್ಮ ಊರಿನ ಪದ್ಧತಿ ನಾ ಹೇಳ್ಲಿ? ತೊಟ್ಟಲದಾಗಿದ್ದ ಕೂಸಿಗಿ ಆಕಿ ನಿಮ್ಮ ಮನಿಗಿ ಬಂದು ಭಂಡಾರ ಹಚ್ಚಬೇಕು. ಆ ಕೂಸು ನಡ್ಯಾಕ ಕಲ್ತಮ್ಯಾಗ ಆಕಿ ಮನಿಗಿ ನಡಕೋತ ಹೋಗಬಾರದು. ಯಾವ ಊರ ನ್ಯಾಯಲೇ ಇದು?”

ಆಗ ಮೂಲೆಯಿಂದ ಶಾಂತಲಿಂಗಪ್ಪ ಬಾಯಿ ಬಿಟ್ಟ. ನಾಲ್ಕು ಎಕರೆ ಹೊಲದ ಒಕ್ಕಲಿಗ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. “ನನಗ ಹೆದ್ರಿಕಿ ಅದರಿ, ಆಯಿ. ಖರೆ ಹೇಳ್ತೇನಿ. ನನ್ನ ಸಣ್ಣ ಮಗ ಹೆಣ್ಮಕ್ಕಳ ಜೋಡಿನೇ ಆಡ್ತಾನ. ಕುಂಟಾಬಿಲ್ಲಿ, ಗಚ್ಚಿನಾಟ. ಈಗೇ ಮಂದಿ ಒಂದೊಂದು ಅಂತಾರ. ಅಲ್ಲಿಗಿ ಹೋದನಂದ್ರ...” ಅಷ್ಟಕ್ಕೇ ನಿಲ್ಲಿಸಿದ.

ಧರ್ಮಣ್ಣನಂತೆ ಅಲ್ಲ ಈತ. ಈತನ ಹೆದರಿಕೆ ನಿಜದ್ದು. ಯಾರಾದರೂ ಒಬ್ಬರು ಮೆತ್ತಗೆ ಒಂದು ಮಾತು ಹೇಳಿದ್ದರೆ ಅಲ್ಲೇ ಕರಗುತ್ತಿತ್ತೇನೋ. ನಾನು ಏನು ಮಾಡಿದೆ?

“ಯಾರ್ ಯಾರು ಕಳಸೂದಿಲ್ಲೋ ನಾನೂ ನೋಡತೇನಿ!” ಅಂತ ಒದರಿದೆ. “ಒಬ್ಬೊಬ್ಬರ ಮನಿ ಮುಂದ ಬರ್ತೇನಿ!”

ಹೇಳಿದಂತೆ ಬಂದೆ ಕೂಡ. ಮರುದಿನ ಅಡತಿಗೆ ಹೋಗಲಿಲ್ಲ. ಮುಂಜಾನೆಯಿಂದ ದೊಡ್ಡ ಓಣಿ, ಬಸ್‌ಸ್ಟ್ಯಾಂಡ್ ಓಣಿ, ಮಸೂತಿ ಓಣಿ ಎಲ್ಲ ತಿರುಗಿದೆ. ಯಾರ ಮನೆಯ ಲಗ್ನದಲ್ಲಿ ಮಲ್ಕವ್ವ ಹಾಡಿದ್ದಳು, ಯಾರ ಕೂಸಿಗೆ ಭಂಡಾರ ಹಚ್ಚಿದ್ದಳು, ಎಲ್ಲ ನೆನಪಿಸಿಕೊಂಡು ಹೋಗಿ ಬಾಗಿಲು ಬಡಿದೆ. “ಅವತ್ತು ಬೇಕಾಗಿದ್ಲು, ಇವತ್ತು ಬ್ಯಾಡೇನು?” ಅಂದೆ. ಹೆಂಗಸರು ಸೆರಗು ಎಳೆದುಕೊಂಡು ಒಳಗೆ ಹೋದರು. ಒಂದು ಮನೆಯಲ್ಲಿ ಕೂಸು ನನ್ನ ದನಿ ಕೇಳಿ ಅತ್ತಿತು. ಕಡೆಗೆ ಗೌಸಮೊಹಿದ್ದೀನನ ಮನೆಗೆ ಹೋದಾಗ ಆತನ ಹೆಂಡತಿ ಮೆಹರಾಜಬೇಗಂ ಬಾಗಿಲಲ್ಲೇ ನಿಲ್ಲಿಸಿದಳು.

“ಅರೆ ದೇವೀಂದ್ರಭಾಯಿ, ದಮ್ಕಿ ಹಾಕಿ ದಾವತ್ತಿಗಿ ಕರೀತಾರೇನ್ರಿ ಯಾರರೆ? ನಾನು ಬರೂದು ಅಂತ ಮಾಡಿದ್ದೆ. ಈಗ ಮಂದಿ ಏನಂತಾರ, ದೇವ್ಯಾಗ ಹೆದರಿ ಹೋದ್ರು ಅಂತಾರ. ನನಗ ಅದು ಬ್ಯಾಡ.”

ಅಲ್ಲಿಗೆ ಸಂಜೆಯಾಗಿತ್ತು. ಹುಣ್ಣಿವಿಗೆ ಎರಡು ದಿನ ಉಳಿದಿತ್ತು. ಕೆರೆ ದಂಡೆಗೆ ಹೋದೆ.

ಮಲ್ಕವ್ವ ಹೊಸ ಖೋಲಿಯ ನೆಲ ಸಾರಿಸುತ್ತಿದ್ದಳು. ಕಚ್ಚೆ ಕಟ್ಟಿ, ಜಡೆಗಟ್ಟಿದ ಕೂದಲು ಮೇಲೆ ಸುತ್ತಿ, ಸೆಗಣಿಯ ಕೈ ಮೊಣಕೈವರೆಗೆ. ನನ್ನನ್ನು ನೋಡಿ ನಿಲ್ಲಲಿಲ್ಲ. ಹಿಂದಿನ ಗೋಡೆಯಿಂದ ಬಾಗಿಲವರೆಗೆ ಒಂದೇ ಸಮನೆ ಅರ್ಧ ಚಂದ್ರನ ಹಾಗೆ ಕೈ ಆಡಿಸುತ್ತ ಬಂದಳು.

“ಮನಿಮನಿ ತಿರುಗಿದಿಯಂತಲ್ಲ?”

“ಹೌದು. ತಿರುಗಿದೆ. ಸುಮ್ಮ ಕುಂದರಬೇಕಾಗಿತ್ತೇನು?”

“ಹ್ಞೂಂ. ಕುಂದರಬೇಕಾಗಿತ್ತು. ಸುಭದ್ರಾಯಿ ಮೊಮ್ಮಗನ್ನ ಕರಕೊಂಡು ಬರ್ತೇನಂದಿದ್ರು. ಮೆಹರಾಜ ಬರ್ತೇನಂದಿದ್ಲು. ಮತ್ತೊಬ್ರು ಇದ್ರು. ನೀ ಹೋಗಿ ನಿಂತು ಎಲ್ಲಾರ ಬಾಗಿಲಿಗಿ ಚಿಲಕ ಹಾಕ್ಸಿ ಬಂದಿ.”

“ನಿನಗಂತನೇ ಮಾಡೀನಿ.”

“ನನಗಂತ ಮಾಡ್ಲಿಲ್ಲ, ನಿನ್ನ ಸಿಟ್ಟಿಗಂತ ಮಾಡ್ದಿ.” ಸೆಗಣಿ ಬುಟ್ಟಿ ಸರಿಸಿ ಕೂತಳು. “ಅದು ಹೋಗ್ಲಿ. ನಮ್ಮ ಗೌರಿ ಎಲ್ಲಿ? ಎರಡು ದಿನ ಆತು, ಕಾಣ್ಸಿಲ್ಲ.”

ಗೌರಿ ನನ್ನ ಮಗಳು. ನಾಲ್ಕು ವರ್ಷ.

“ಅಫಜಲಪುರಕ್ಕ ಹೋಗ್ಯಾಳ. ಅವರವ್ವನ ಜೋಡಿ, ಅಜ್ಜಿ ಮನಿಗಿ.”

“ಬರೂದು ಯಾವಾಗ?”

ಕೆರೆಯ ಕಡೆ ಮುಖ ತಿರುಗಿಸಿದೆ. “ಹುಣ್ಣಿವಿ ಆದಮ್ಯಾಲ.”

ಮಲ್ಕವ್ವ ನನ್ನ ಮುಖವನ್ನೇ ನೋಡಿದಳು. ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ಬಯ್ಯುತ್ತಿದ್ದೆ, ಎದ್ದು ಬರುತ್ತಿದ್ದೆ. ಮೆತ್ತಗೆ ಅಂದಳು: “ಹಂಗಾರ ಊರಿನ ಐದು ಮನ್ಯಾಗ ನಮ್ಮ ಮನಿ ಇಲ್ಲಂದಂಗಾತು.”

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಮಾಳಮ್ಮನಿಗೂ ನೆಪ ಬೇರೆ ಹೇಳಿದ್ದೆ, ನಿಮ್ಮವ್ವಗ ಮೈಯಾಗ ಆರಾಮಿಲ್ಲಂತ, ಹೋಗಿ ನಾಲ್ಕು ದಿನ ಇದ್ದು ಬಾ ಅಂತ. ನನ್ನ ಮಗಳು ಎಲ್ಲರ ಕಣ್ಣೆದುರು ಆ ಮನೆಯ ಹೊಸ್ತಿಲು ದಾಟಬೇಕು. ನಾಳೆ ಸಾಲಿಗೆ ಹೋದಾಗ ಯಾರೋ ಅವಳ ಜೇಬಿಗೆ ಏನೋ ಹಾಕುತ್ತಾರೆ. ಅದಕ್ಕೆ ಕಳಿಸಿದ್ದೆ. ಮಂದಿಯ ಬಾಗಿಲು ಬಡಿದು “ನಿಮ್ಮ ಕೂಸು ಕಳಸ್ರಿ” ಅಂತ ಬೊಬ್ಬೆ ಹೊಡೆದವನು, ತನ್ನ ಕೂಸನ್ನು ನಲವತ್ತು ಮೈಲು ದೂರ ಮುಚ್ಚಿಟ್ಟಿದ್ದ. ಧರ್ಮಣ್ಣನಾದರೂ ಬಾಯಿಬಿಟ್ಟು ಅಂದ. ನಾನು ಅಷ್ಟೂ ಮಾಡಲಿಲ್ಲ.

ಮರುದಿನ ಅಫಜಲಪುರದ ಬಸ್ಸು ಹಿಡಿದೆ.

ಮಾಳಮ್ಮ ತವರಿನ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಮೊರ ಕೆಳಗಿಟ್ಟಳು. “ನಮ್ಮವ್ವ ಗುಂಡಕಲ್ಲಿನಂಗ ಗಟ್ಟಿ ಅದಾಳ. ನಿಮಗೇನಾಗ್ಯದ ಅಂತ ಬಂದಾಗಿಂದ ಯೋಚಿಸ್ಲಾಕತ್ತೀನಿ.”

ಎಲ್ಲ ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ.

“ಕಳಿಸ್ದವ್ರೂ ನೀವೇ, ಕರ್ಯಾಕ ಬಂದವ್ರೂ ನೀವೇ,” ಅಂದಳು. “ನಡುವ ನನಗೊಂದು ಮಾತು ಕೇಳಿದ್ರ ಹಲ್ಲು ಉದುರ್ತಿದ್ವೇನು? ಗೌರಿಗಿ ಜ್ವರ ಬಂದಾಗ ಮೂರು ದಿನ ತೊಡಿಮ್ಯಾಲ ಹಾಕ್ಕೊಂಡು ಕುಂತಾಕಿ ಆಕಿ. ನೀವು ಆಗ ಎಲ್ಲಿದ್ರಿ? ಅಡತ್ಯಾಗ ಯಾರ್ದೋ ಅಂಗಿ ಹಿಡಕೊಂಡು ನಿಂತಿದ್ರಿ.”

ಅಂದು ರಾತ್ರಿ ಬಸ್ಸಿಲ್ಲ. ಹುಣ್ಣಿವಿ ದಿನ ನಸುಕಿನ ಬಸ್ಸಿಗೆ ಮೂವರೂ ಹತ್ತಿದೆವು. ಕಿಟಕಿಯ ಹೊರಗೆ ಬಿಳಿಜೋಳದ ಕೊಯ್ಲು ನಡೆದಿತ್ತು. ಗೌರಿ ಕೇಳಿದಳು, “ಅಪ್ಪಾ, ಅಲ್ಲಿ ಹೋಗಿ ಏನ್ ಮಾಡೂದು?”

“ಹೋಳಿಗಿ ತಿನ್ನೂದು.”

“ಅಷ್ಟೇ?”

“ಅಷ್ಟೇ.”

“ಮತ್ತ ನೀ ಯಾಕ ಮುಖ ಹಿಂಗ ಮಾಡೀದಿ?”

ಮಾಳಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಮೂರು ದಿನದಲ್ಲಿ ನಾನು ಕೇಳಿದ ಮೊದಲ ಒಳ್ಳೆಯ ಸಪ್ಪಳ ಅದು.

ನಿಂಬರ್ಗಾದಲ್ಲಿ ಇಳಿದಾಗ ಹತ್ತು ಗಂಟೆ. ಹಿತ್ತಲ ದಾರಿ ಒಂದಿತ್ತು, ಯಾರೂ ನೋಡದ್ದು. ಬಿಟ್ಟೆ. ಗೌರಿಯ ಕೈ ಹಿಡಿದು ದೊಡ್ಡ ಓಣಿಯ ನಟ್ಟನಡುವೆ ನಡೆದೆ. ಎರಡೂ ಕಡೆ ಕಟ್ಟೆಯ ಮೇಲೆ ಮಂದಿ. ಯಾರನ್ನೂ ದಿಟ್ಟಿಸಲಿಲ್ಲ. ಯಾರ ಬಾಗಿಲೂ ಬಡಿಯಲಿಲ್ಲ.

ಖೋಲಿಯ ಮುಂದೆ ಚಪ್ಪರ. ಒಳಗೆ ಎಲ್ಲವ್ವನ ಮುಖವಿದ್ದ ಕೊಡ, ಬೇವಿನ ತೊಪ್ಪಲು. ಇಜೇರಿಯಿಂದ ಶಿವಕಾಂತಾ ಮತ್ತು ನಾಲ್ವರು ಜೋಗತಿಯರು ಬಂದು ಕೂತಿದ್ದರು. ಮೈತುಂಬ ಹಳದಿ, ಕೊರಳ ತುಂಬ ಕವಡೆ. ನಡುವೆ ತುಂಬಿದ ಪಡಲಗಿ. ಅದರ ಮುಂದೆ ಐದು ಮಣೆ, ಐದು ಮುತ್ತಲ ಎಲೆ. ಎಲ್ಲ ಖಾಲಿ.

ಶಿವಕಾಂತಾ ಕೇಳಿದರು, “ಯಾರ ಮನಿ?”

“ಇದೇ ಮನಿಯವ್ರು,” ಅಂದಳು ಮಾಳಮ್ಮ, ನಾನು ಬಾಯಿ ತೆರೆಯುವುದಕ್ಕೆ ಮೊದಲು.

ಮಲ್ಕವ್ವ ಗೌರಿಯ ಹಣೆಗೆ ಭಂಡಾರ ಹಚ್ಚಿದಳು. ಭಂಡಾರ ಹುಬ್ಬಿನ ಮೇಲೂ ಉದುರಿತು. ಸಾವಿರ ಕೂಸುಗಳಿಗೆ ಹಚ್ಚಿದ ಕೈ ಅದು. ಗೌರಿ ಮೊದಲ ಮಣೆಯ ಮೇಲೆ ಕೂತು, “ದೊಡ್ಡವ್ವಾ, ನನಗ ಎರಡು ಹೋಳಿಗಿ” ಅಂದಳು. ಮುದುಕಿ ಜೋಗತಿಯೊಬ್ಬಳು ಅಲ್ಲೇ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು.

ಒಂದು.

ಸುಭದ್ರಾಬಾಯಿ ಮೊಮ್ಮಗನನ್ನು ಕರೆದುಕೊಂಡು ಬಂದರು. ಕೋಲಿನಿಂದ ನನ್ನ ಮೊಣಕಾಲಿಗೆ ಒಂದು ಬಿಟ್ಟು, “ಬಾಯಿ ಮುಚ್ಚಿಕೊಂಡು ನಿಂತೀಯಲ್ಲ, ಚಲೋ ಆತು” ಅಂದರು. ಆಮೇಲೆ ಮೆಹರಾಜಬೇಗಂ, ಆರು ವರ್ಷದ ಮುಮತಾಜಳ ಕೈ ಹಿಡಿದು. “ನಿಮ್ಮ ಮಗಳು ಓಣ್ಯಾಗ ಹಾಯ್ದು ಹೋದದ್ದು ನೋಡ್ದೆ,” ಅಂದಳು ನನಗೆ. “ಇದು ದಾವತ್ತು. ಮೊನ್ನಿದು ಅಲ್ಲ.”

ಮೂರು. ಅಲ್ಲಿಗೆ ನಿಂತಿತು.

ಹನ್ನೆರಡು ಹೊಡೆಯಿತು. ಒಂದು ಹೊಡೆಯಿತು. ಕೂತ ಮೂರೂ ಮಕ್ಕಳಿಗೆ ಹಸಿವು. ಐವರೂ ಕೂಡುವವರೆಗೆ ಎಡೆ ಬಡಿಸುವಂತಿಲ್ಲ. ಮೆಹರಾಜಬೇಗಂ ಸೆರಗಿನಲ್ಲಿ ತಂದಿದ್ದ ಪುಠಾಣಿ ಹಂಚಿದಳು. ಕೆರೆ ದಂಡೆಯ ಆಚೆ ಹತ್ತಿಪ್ಪತ್ತು ಹೆಂಗಸರು ನಿಂತು ನೋಡುತ್ತಿದ್ದರು. ಕೆಲವರ ಕಂಕುಳಲ್ಲಿ ಕೂಸುಗಳೂ ಇದ್ದವು. ದಾಟುವವರು ಯಾರೂ ಇಲ್ಲ. ನನಗೆ ಕಾಲು ನಿಲ್ಲದು. ಎದ್ದೆ. ಮಲ್ಕವ್ವ ಅಲ್ಲಿಂದಲೇ ತಲೆ ಅಲ್ಲಾಡಿಸಿದಳು, ಬೇಡ ಅಂತ. ಕೂತೆ. ಕೂತದ್ದು ನನ್ನ ಜೀವಮಾನದಲ್ಲೇ ಕಷ್ಟದ ಕೆಲಸ. ತೊಗರಿ ಚೀಲ ಹೊರುವುದು ಅದರ ಮುಂದೆ ಏನೂ ಅಲ್ಲ.

ಮೂರು ಗಂಟೆಯ ಹೊತ್ತಿಗೆ ಶಾಂತಲಿಂಗಪ್ಪ ದಂಡೆ ಇಳಿದು ಬರುವುದು ಕಂಡಿತು. ಮಗನ ಕೈ ಗಟ್ಟಿಯಾಗಿ ಹಿಡಿದಿದ್ದ. ಯಾರಾದರೂ ಕಸಿದುಕೊಂಡಾರು ಅನ್ನುವ ಹಾಗೆ. ಚಪ್ಪರದ ಹೊರಗೇ ನಿಂತ.

“ಮಲ್ಕವ್ವಾ,” ಅಂದ. “ಇಂವ ನಿನ್ನಿಯಿಂದ ಕೇಳಾಕತ್ತಾನ, ಆ ಅವ್ವ ನಮ್ಮ ಊರಾಗೇ ಇರ್ತಾಳೋ, ಹೋಗ್ತಾಳೋ ಅಂತ. ನನಗ ಜವಾಬು ಹೇಳಾಕ ಬರ್ಲಿಲ್ಲ.” ಮಗನ ತಲೆಯ ಮೇಲೆ ಕೈ ಇಟ್ಟ. “ನಾಳಿ ಇಂವ ಹೆಂಗರೆ ಇರ್ಲಿ, ಇವನ್ನೂ ಇದೇ ಊರಾಗ ಇಟ್ಕೋಬೇಕಲ್ಲ ನಾವು.”

ಮಲ್ಕವ್ವ ಹುಡುಗನ ಕೈ ಹಿಡಿದು ಮಣೆಯ ಮೇಲೆ ಕೂರಿಸಿದಳು. ಅವನು ಗೌರಿಯ ಬಳೆ ನೋಡಿ ಎಷ್ಟು ಅವ ಅಂತ ಕೇಳಿದ. ಅವಳು ಹೇಳಿದಳು. ಆಯಿತು, ಅವರದು ದೋಸ್ತಿ.

ನಾಲ್ಕು. ಐದನೇ ಮಣೆ ಹಾಗೇ ಇತ್ತು. ನೆರಳು ಚಪ್ಪರ ದಾಟಿತು. ಶಿವಕಾಂತಾ ಒಮ್ಮೆ ಪಡುವಣ ನೋಡಿ, ಮಲ್ಕವ್ವನನ್ನು ನೋಡಿದರು. ಮಲ್ಕವ್ವ ಮಾತ್ರ ಕೆರೆಯ ಕಡೆ ನೋಡಲೇ ಇಲ್ಲ. ಆಕೆ ಹಿಂದಿನ ಹೊಲದ ದಾರಿಯನ್ನೇ ನೋಡುತ್ತಿದ್ದಳು. ಯಾಕೆ ಅಂತ ನನಗೆ ತಿಳಿಯಲಿಲ್ಲ.

ಆ ದಾರಿಯಿಂದಲೇ ಬಂದಳು ಭಾಗಮ್ಮ. ಊರ ಹೊರಗಿನ ಓಣಿಯವಳು, ಕೂಲಿ ಮಾಡುವವಳು. ಜೋಳದ ಹೊಲದಿಂದ ಸೀದಾ ಬಂದಿದ್ದಳು. ಸೊಂಟದಲ್ಲಿ ಕುಡಗೋಲು, ತಲೆ ತುಂಬ ತೆನೆಯ ಸುಂಕಿನ ಧೂಳು. ಒಂದು ಕೈಯಲ್ಲಿ ಮಗಳು. ಹಿಂದೆ ಅವಳ ಓಣಿಯ ಏಳೆಂಟು ಹೆಂಗಸರು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕೂಸು.

“ತಡಾ ಆತು ಮಲ್ಕವ್ವಾ. ಸಾಲು ಮುಗಿಯೂತನ ಬಿಡ್ಲಿಲ್ಲ ಹೊಲದಾಂವ. ಬರ್ತೇವಂದ್ರ ಬರ್ತೇವಿ ಅಂತ ಹೇಳಿದ್ದಿಲ್ಲೇನು?”

“ಹೇಳಿದ್ದಿ,” ಅಂದಳು ಮಲ್ಕವ್ವ. ಆಗ ನಕ್ಕಳು.

ಮೂರು ಓಣಿ ತಿರುಗಿ ಬಾಗಿಲು ಬಡಿದವನು ನಾನು. ನಾನು ಮನೆ ಎಣಿಸಿದಾಗ ಆ ಓಣಿ ಎಣಿಕೆಗೇ ಬಂದಿರಲಿಲ್ಲ. ಮರೆತದ್ದಲ್ಲ. ಮರೆಯಬೇಕಾದರೆ ಮೊದಲು ನೆನಪಿನಲ್ಲಿ ಇರಬೇಕು. ಊರು ನಮ್ಮನ್ನು ಹೊರಗೆ ನಿಲ್ಲಿಸಿತು ಅಂತ ಒದರುವ ನಾನು, ಊರು ಅಂದಾಗ ಅವರನ್ನು ಹೊರಗೇ ಬಿಟ್ಟಿದ್ದೆ. ಭಾಗಮ್ಮ ಹೊಸ್ತಿಲ ಹತ್ತಿರ ಒಂದು ಗಳಿಗೆ ತಡೆದಳು, ಒಳಗೆ ಕೂತ ಹೆಂಗಸರನ್ನು ನೋಡಿ. ಸುಭದ್ರಾಬಾಯಿ ಸರಿದು ಜಾಗ ಮಾಡಿದರು. “ಬಾ ಬೇ, ಕುಂದರು. ನಿನ್ನ ಕೂಸು ಬಂದಮ್ಯಾಲೇ ನಮ್ಮ ಕೂಸಿಗಿ ಕೂಳು.”

ಐದನೇ ಮಣೆ ತುಂಬಿತು. ಉಳಿದ ಮಕ್ಕಳಿಗೆ ಮಣೆ ಇರಲಿಲ್ಲ, ನೆಲದ ಮೇಲೆ ಕೂತರು. ಎಡೆ ಬಡಿಸಿದರು. ಐದೂ ಕೂಸುಗಳು ತುತ್ತು ಎತ್ತಿ ಬಾಯಿಗಿಟ್ಟಾಗ ಶಿವಕಾಂತಾ ಎದ್ದು, ಪಡಲಗಿ ಎತ್ತಿ, ಮಲ್ಕವ್ವನ ತಲೆಯ ಮೇಲೆ ಇಟ್ಟರು. “ಉಧೋ!” ಅಂದದ್ದು ಕೆರೆಯ ಆಚೆಗೂ ಕೇಳಿತು. ಚೌಡಕಿ ಬಡಿದವು. ದಂಡೆಯ ಆಚೆ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ಕೂಸನ್ನು ಕಂಕುಳಿಗೆ ಏರಿಸಿಕೊಂಡು ಇಳಿಯತೊಡಗಿದಳು. ಅವಳ ಹಿಂದೆ ಇನ್ನೊಬ್ಬಳು.

ಮಾಡಿದ ಅಡುಗೆ ಮೂವತ್ತು ಮಂದಿಗೆ. ಕೂತವರು ಎಷ್ಟೋ. ಹೋಳಿಗೆ ತುಂಡು ಮಾಡಿ ಹಂಚಿದರು. ನೀರು ತೀರಿತು. ಮಾಳಮ್ಮ ನನ್ನ ಕೈಗೆ ಕೊಡ ಕೊಟ್ಟಳು. “ಲಗೂನ ಬರ್ರಿ. ಮಕ್ಕಳು ಬಿಕ್ಕಳಸ್ಲಾಕತ್ತಾವ.”

ಬೋರಿಂಗು ಇರುವುದು ಬಸ್‌ಸ್ಟ್ಯಾಂಡಿನ ಹತ್ತಿರ, ಧರ್ಮಣ್ಣನ ಕಿರಾಣಿ ಅಂಗಡಿಯ ಎದುರಿಗೆ. ಹೊಡೆದು ಕೊಡ ತುಂಬಿಸುತ್ತಿದ್ದೆ. ಆತ ತಕ್ಕಡಿಯ ಹಿಂದಿನಿಂದ ಎದ್ದು ಹೊರಗೆ ಬಂದ. ಕಟ್ಟೆಯ ಮೇಲಿದ್ದ ಆರೇಳು ಮಂದಿ ಮಾತು ನಿಲ್ಲಿಸಿದರು. ಜಗಳ ನೋಡಲು ತಯಾರಾದರು.

“ಏನಲೇ ದೇವ್ಯಾ,” ಅಂದ. “ಒದರ್ಯಾಟ ಇಲ್ಲೀಮಟ ಕೇಳ್ತು. ತುಂಬಿದ್ವೇನು ಐದು? ಯಾರ್ ಯಾರು ಬಂದಿದ್ರು? ಹೊಲಗೇರಿಯವ್ರೇ ತುಂಬ್ಯಾರೇನು?”

ಆತನ ದನಿಯಲ್ಲಿ ಮೊದಲಿನ ಏರು ಇರಲಿಲ್ಲ. ಕೇಳಬೇಕು ಅಂತಲೇ ಕೇಳಿದ. ಆತನ ಮಗ ಬಾಗಿಲ ಕಂಬ ಹಿಡಿದು, ಕೆರೆಯ ಕಡೆಯಿಂದ ಬರುವ ಚೌಡಕಿಯ ಸಪ್ಪಳಕ್ಕೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದ.

ನನ್ನ ನಾಲಿಗೆಯ ಮೇಲೆ ಹತ್ತು ಮಾತು ಬಂದವು. ಒಂದಕ್ಕಿಂತ ಒಂದು ಹರಿತ. ಕೈ ತಾನಾಗಿಯೇ ಮುಷ್ಟಿಯಾಯಿತು.

ಕೊಡ ತುಂಬಿ ಚೆಲ್ಲಿತು. ಎತ್ತಿ ಹೆಗಲಿಗಿಟ್ಟುಕೊಂಡು, ನೀರು ತುಳುಕದ ಹಾಗೆ ಜೋಪಾನವಾಗಿ, ಕೆರೆಯ ಕಡೆ ನಡೆದೆ.